ದುಡ್ಡು ಕೊಟ್ಟು ಜೀತ ಬಿಡಿಸಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮಂಗಳೂರಿನವಳು. ನಮ್ಮ ಮುತ್ತಜ್ಜ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ನಾನು 2011ರಲ್ಲಿ ನರ್ಸ್ ಆಗಿ ಇಂಗ್ಲೆಂಡಿಗೆ ಬಂದೆ. ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ನಮ್ಮ ಚರ್ಚಿನಲ್ಲಿ ಜಗತ್ತಿನ ಬಡತನ ಮತ್ತು ಆಧುನಿಕ ಗುಲಾಮಗಿರಿಯ ವಿರುದ್ಧ ಕೆಲಸ ಮಾಡುವ ಒಂದು ಗುಂಪಿದೆ. ಈ ಸಲ ಭಾರತದ ಇಟ್ಟಿಗೆ ಗೂಡುಗಳ ವಿಷಯ ಹಿಡಿದಿದ್ದಾರೆ. ಪೋಸ್ಟರಿನಲ್ಲಿ ಸರಪಳಿ ಬಿಗಿದ ಎರಡು ಕೈ. ಕೆಳಗೆ 'ಜಗತ್ತಿನಲ್ಲಿ 5 ಕೋಟಿ ಗುಲಾಮರು. ನಿಮ್ಮ ದುಡ್ಡು ಒಂದು ಕುಟುಂಬವನ್ನು ಬಿಡಿಸುತ್ತದೆ' ಎಂದಿದೆ. ಅಲ್ಲಿನ ಒಬ್ಬ ಪಾಸ್ಟರ್ ಮೂಲಕ ಗೂಡಿನ ಮಾಲೀಕನ ಸಾಲ ತೀರಿಸಿ ಜನರನ್ನು ಬಿಡಿಸುತ್ತಾರಂತೆ. ಫೆಬ್ರವರಿಯ ಒಂದು ಭಾನುವಾರ ನಾನೇ ಮಾತಾಡಬೇಕಂತೆ. 'ನೀವು ಆ ದೇಶದವರಲ್ವಾ' ಅನ್ನುತ್ತಾರೆ. ಭಾರತದಲ್ಲಿ ಹೊಲಿದ ಬಟ್ಟೆ ಕೊಳ್ಳುವುದನ್ನೇ ನಿಲ್ಲಿಸೋಣ ಅನ್ನುವವರೂ ಇದ್ದಾರೆ. ಉಡುಪಿಯಲ್ಲಿರುವ ನನ್ನ ತಮ್ಮನಿಗೆ ಹೇಳಿದರೆ ಸಿಟ್ಟಾದ. 'ಇದು ದೇಶದ ಮಾನ ಕಳೆಯುವ ಕೆಲಸ ಅಕ್ಕ. ಹಿಂದೆ ಮತಾಂತರ ಇದ್ದೇ ಇರುತ್ತದೆ' ಅಂದ. ನಾನು ಏನು ಮಾಡಲಿ?

ಇನ್ನೊಂದು, ಇದು ಬೇರೆ ವಿಷಯ. ಹಾಸನ ಕಡೆಯ ಒಬ್ಬ ಹುಡುಗಿ ನಮ್ಮ ಮನೆಗೆ ಆಗಾಗ ಊಟಕ್ಕೆ ಬರುತ್ತಾಳೆ. ಕೇರ್ ವೀಸಾದಲ್ಲಿ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವಂಥ ಕೆಲಸಕ್ಕೆ ಬಂದವಳು. ಏಜೆಂಟನಿಗೆ 14 ಲಕ್ಷ ಕೊಟ್ಟಿದ್ದಾರೆ. ಅಪ್ಪ ಜಮೀನು ಒತ್ತೆ ಇಟ್ಟಿದ್ದಾರೆ. ಪಾಸ್‌ಪೋರ್ಟ್ ಮ್ಯಾನೇಜರ್ ಹತ್ತಿರ ಇದೆಯಂತೆ. ಕೆಲವು ವಾರ ಅರ್ಧ ಕೆಲಸವೂ ಸಿಗುವುದಿಲ್ಲ. ಕೇಳಿದರೆ 'ವೀಸಾ ಕ್ಯಾನ್ಸಲ್ ಮಾಡಿಸುತ್ತೇನೆ' ಅನ್ನುತ್ತಾರಂತೆ. 'ಯಾರಿಗೂ ಹೇಳಬೇಡಿ ಅಕ್ಕ' ಅಂದಿದ್ದಾಳೆ. ಅವಳಿಗೆ ಏನಾದರೂ ಮಾಡಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕೊನೆಯ ಭಾಗದಲ್ಲೇ ಕಣ್ಣು ನಿಂತಿತು. ಅದನ್ನು 'ಬೇರೆ ವಿಷಯ' ಅಂದಿದ್ದೀರಿ. ನನಗೆ ಎರಡೂ ಒಂದೇ ವಿಷಯವಾಗಿ ಕಾಣುತ್ತದೆ. ಯಾಕೆ ಅಂತ ಹೇಳುತ್ತೇನೆ. ಮೊದಲು ಪೋಸ್ಟರನ್ನು ನೋಡೋಣ.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಜೀತದ ಕೇಸುಗಳಲ್ಲಿ ಕೆಲಸ ಮಾಡಿರುವ ವಕೀಲೆ. ಕ್ರೈಸ್ತಳಲ್ಲ. ಆದರೆ ಚರ್ಚಿನ ಗುಂಪುಗಳ ಜೊತೆ ತುಂಬ ಓಡಾಡಿದ್ದೇನೆ. ಒಳ್ಳೆಯದನ್ನೂ ನೋಡಿದ್ದೇನೆ, ಬೇಸರವಾಗುವಂಥದ್ದನ್ನೂ ನೋಡಿದ್ದೇನೆ.

ನಿಮ್ಮ ತಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ಜೀತ ಇದೆ ಎಂದು ಹೊರಗಿನವರು ಬಂದು ನಮಗೆ ಹೇಳಬೇಕಾಗಿಲ್ಲ. ನಮ್ಮ ಸಂವಿಧಾನದ 23ನೇ ವಿಧಿಯೇ ಬಿಟ್ಟಿ ಚಾಕರಿಯನ್ನೂ ಮನುಷ್ಯರ ಮಾರಾಟವನ್ನೂ ನಿಷೇಧಿಸಿದೆ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಒಂದು ಗುರಿ ಹೇಳಿತು: 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ, ಬಿಡಿಸಿ, ಪುನರ್ವಸತಿ ಮಾಡುವುದು. ಈ ಸಂಖ್ಯೆ ಸರ್ಕಾರದ್ದೇ. 1978ರಿಂದ ಇಲ್ಲಿಯವರೆಗೆ ಬಿಡುಗಡೆಯಾದವರು ಎಷ್ಟು ಗೊತ್ತಾ? 3 ಲಕ್ಷ ಚಿಲ್ಲರೆ. ಅದರಲ್ಲಿ 60 ಸಾವಿರಕ್ಕೂ ಜಾಸ್ತಿ ಜನ ಕರ್ನಾಟಕದವರು. ನಿಮ್ಮ ತಮ್ಮ ಇರುವ ಕರಾವಳಿಯಲ್ಲೇ ಕೊರಗ ಸಮುದಾಯದವರನ್ನು ಅಜಲು ಎಂಬ ಬಿಟ್ಟಿ ಚಾಕರಿಗೆ ಹಚ್ಚುವುದನ್ನು ತಡೆಯಲು 2000ದಲ್ಲಿ ರಾಜ್ಯ ಸರ್ಕಾರ ಬೇರೆಯೇ ಒಂದು ಕಾಯ್ದೆ ತರಬೇಕಾಯಿತು. ಇದನ್ನು ಅವರಿಗೆ ನೆನಪಿಸಿ. ಸಿಟ್ಟಿನಿಂದ ಬೇಡ.

ಮತಾಂತರದ ಮಾತನ್ನು ಮಾತ್ರ ಹಾಗೇ ತಳ್ಳಿಹಾಕಬೇಡಿ. ಬಿಡುಗಡೆಯಾದ ಒಂದು ಕುಟುಂಬವನ್ನು ಮರುವಾರವೇ ಪ್ರಾರ್ಥನಾ ಸಭೆಯ ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಿದ್ದನ್ನು ನಾನು ನೋಡಿದ್ದೇನೆ. ಆ ತಾಯಿಯ ಮುಖದಲ್ಲಿ ಇದ್ದದ್ದು ಸಂತೋಷವಲ್ಲ, ಹೊಸ ಋಣದ ಭಾರ. ಒಬ್ಬನ ಸಾಲದಿಂದ ಬಿಡಿಸಿ ಇನ್ನೊಬ್ಬರ ಹಂಗಿಗೆ ಹಾಕಿದ ಹಾಗಾಯಿತು. ಅದೇ ನಾನು, ಉಪವಿಭಾಗಾಧಿಕಾರಿ (ಎಸಿ) ಕಚೇರಿಯ ಮೆಟ್ಟಿಲ ಮೇಲೆ ಏಳು ಗಂಟೆ ಕುಳಿತ ಇಬ್ಬರು ಸಿಸ್ಟರುಗಳನ್ನೂ ನೋಡಿದ್ದೇನೆ. ಹನ್ನೊಂದು ಹೆಂಗಸರಿಗೆ ಬಿಡುಗಡೆ ಪತ್ರ ಸಿಗುವವರೆಗೆ ಅವರು ಎದ್ದು ಹೋಗಲಿಲ್ಲ. ಆ ಹೆಂಗಸರ ಜಾತಿ, ಧರ್ಮ ಅವರು ಕೇಳಿದ್ದೇ ಇಲ್ಲ. ಹಾಗಾಗಿ ನಿಮ್ಮ ಗುಂಪಿಗೆ ನೇರವಾಗಿ ಕೇಳಿ: ಸಹಾಯ ಪಡೆದವರು ಚರ್ಚಿನ ಕಡೆ ತಿರುಗಿಯೂ ನೋಡದಿದ್ದರೆ ನಿಮಗೆ ಪರವಾಗಿಲ್ಲವಾ? ಹೌದು ಅಂದರೆ ಮುಂದೆ ಹೋಗಿ.

ಇನ್ನು 5 ಕೋಟಿ ಎಂಬ ಲೆಕ್ಕ. ಅದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರರು 2022ರಲ್ಲಿ ಕೊಟ್ಟ ಅಂದಾಜು. ಅದರಲ್ಲಿ 2.8 ಕೋಟಿ ಜನ ಬಲವಂತದ ದುಡಿಮೆಯಲ್ಲಿರುವವರು. ಉಳಿದ 2.2 ಕೋಟಿ ಬಲವಂತದ ಮದುವೆಯಲ್ಲಿರುವವರು. ಪೋಸ್ಟರ್ ನೋಡಿದವರು 5 ಕೋಟಿ ಜನರ ಕೈಗೂ ಸರಪಳಿ ಇದೆ ಅಂದುಕೊಳ್ಳುತ್ತಾರೆ. ಸಂಖ್ಯೆ ಹೇಳುವಾಗ ಅದು ಅಂದಾಜು ಎಂದೂ, ಒಳಗೆ ಏನೇನು ಸೇರಿದೆ ಎಂದೂ ಹೇಳಿಬಿಡಿ.

ಆ ಸರಪಳಿಯ ಚಿತ್ರ ತೆಗೆಸಿ ಅಂತಲೂ ಕೇಳಿಕೊಳ್ಳುತ್ತೇನೆ. ನಾನು ಹೋದ ಗೂಡುಗಳಲ್ಲಿ ಒಂದು ಸಲವೂ ಸರಪಳಿ ನೋಡಿಲ್ಲ. ಬೇಲಿ ಕೂಡ ಇರುವುದಿಲ್ಲ. ಅಲ್ಲಿ ಇರುವುದು ಒಂದು ನೋಟ್‌ಬುಕ್.

ಆನೇಕಲ್, ಹೊಸಕೋಟೆ ಕಡೆ ಬಸ್ಸಿನಲ್ಲಿ ಹೋಗುವಾಗ ಗೂಡುಗಳ ಹೊಗೆ ಕಾಣುತ್ತದಲ್ಲ, ಅಲ್ಲಿನ ಕಥೆ ಶುರುವಾಗುವುದು ಎಲ್ಲೋ ದೂರದ ಹಳ್ಳಿಯಲ್ಲಿ. ಅದು ರಾಯಚೂರು ಇರಬಹುದು, ಒಡಿಶಾದ ಬಲಾಂಗಿರ್ ಇರಬಹುದು. ಮಳೆಗಾಲ ಮುಗಿದು ಕೈಯಲ್ಲಿ ಕಾಸಿಲ್ಲದ ಹೊತ್ತಿಗೆ ಮೇಸ್ತ್ರಿ ಮನೆಗೆ ಬರುತ್ತಾನೆ. ಮಗಳ ಮದುವೆಗೋ, ಆಸ್ಪತ್ರೆಗೋ, ಹಳೆ ಸಾಲಕ್ಕೋ ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ಮಕ್ಕಳು ಎಲ್ಲ ಬಂದು ಇಟ್ಟಿಗೆ ಕೊಯ್ದು ತೀರಿಸಬೇಕು. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಮಳೆ ಬಂದು ಹಸಿ ಇಟ್ಟಿಗೆ ಕರಗಿದರೆ ಅದು ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಖರ್ಚಿಗೆ ಸ್ವಲ್ಪ ಕೊಟ್ಟು ಉಳಿದದ್ದನ್ನು ಮುಂಗಡಕ್ಕೆ ಹಿಡಿದುಕೊಳ್ಳುತ್ತಾರೆ. ಎಷ್ಟು ಹಿಡಿದರು ಅನ್ನುವುದು ಮಾಲೀಕನ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತದೆ. ದುಡಿಯುವವರಿಗೆ ಓದಲು ಬರುವುದಿಲ್ಲ. ಊರಿನಲ್ಲಿ ಸಾವಾದರೆ ಗಂಡ ಹೋಗಬಹುದು. ಹೆಂಡತಿ ಮಕ್ಕಳು ಗೂಡಿನಲ್ಲೇ ಇರಬೇಕು. ಸೀಸನ್ ಮುಗಿದ ಮೇಲೂ ಬಾಕಿ ಉಳಿದಿರುತ್ತದೆ. ಮುಂದಿನ ವರ್ಷ ಮತ್ತೆ ಬರಬೇಕು.

ಕಾನೂನಿನ ಕಣ್ಣಿಗೆ ಜೀತ ಅಂದರೆ ಇದೇ. ಮುಂಗಡದ ಕಾರಣಕ್ಕೆ ಒಬ್ಬ ಮನುಷ್ಯ ಬೇರೆ ಕಡೆ ಕೆಲಸಕ್ಕೆ ಹೋಗುವ, ಓಡಾಡುವ ಅಥವಾ ಕನಿಷ್ಠ ಕೂಲಿ ಪಡೆಯುವ ಹಕ್ಕು ಕಳೆದುಕೊಂಡರೆ ಸಾಕು. ಹೊಡೆತ ಬಿದ್ದಿರಲೇಬೇಕು ಅಂತಿಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ (ಏಷ್ಯಾಡ್) ಕಾಮಗಾರಿ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು. ಹಸಿವಿನ ಒತ್ತಡದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ.

ಈಗ ನಿಮ್ಮ ಗುಂಪಿನ ಯೋಜನೆಗೆ ಬರೋಣ. ಮಾಲೀಕನ ಸಾಲ ತೀರಿಸಿ ಬಿಡಿಸುವುದು. ದಯವಿಟ್ಟು ಇದನ್ನು ನಿಲ್ಲಿಸಿ.

1976ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಜೀತದ ಸಾಲ ಸತ್ತುಹೋಗಿದೆ. ಅದನ್ನು ಯಾರೂ ತೀರಿಸಬೇಕಾಗಿಲ್ಲ. 9ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಆ ಸಾಲದ ಹೆಸರಿನಲ್ಲಿ ಮಾಲೀಕ ದುಡ್ಡು ತೆಗೆದುಕೊಂಡರೆ ಅದೇ ಅಪರಾಧ. ಅಂದರೆ ನಿಮ್ಮ ಚರ್ಚಿನ ಪೌಂಡುಗಳು ಒಬ್ಬ ಅಪರಾಧಿಯ ಜೇಬಿಗೆ ಹೋಗುತ್ತವೆ. ಅವನು ಅದೇ ದುಡ್ಡನ್ನು ಮುಂಗಡ ಅಂತ ಇನ್ನೊಂದು ಕುಟುಂಬಕ್ಕೆ ಕೊಡುತ್ತಾನೆ. ಇದು ಊಹೆಯ ಮಾತಲ್ಲ. ಒಂದೇ ಗೂಡಿಗೆ ನಾನು ಮೂರು ವರ್ಷದಲ್ಲಿ ಎರಡು ಸಲ ಹೋಗಬೇಕಾಯಿತು. ಮೊದಲ ಕುಟುಂಬಗಳನ್ನು ಯಾರೋ ಒಳ್ಳೆಯವರು ಸಾಲ ತೀರಿಸಿ ಕರೆದುಕೊಂಡು ಹೋಗಿದ್ದರು. ಅವರ ಶೆಡ್ಡಿನಲ್ಲಿ ಹೊಸಬರು ಇದ್ದರು.

1990ರ ದಶಕದಲ್ಲಿ ಸುಡಾನ್‌ನಲ್ಲಿ ಇದೇ ದೊಡ್ಡ ಮಟ್ಟದಲ್ಲಿ ನಡೆಯಿತು. ಪಶ್ಚಿಮದ ಕ್ರೈಸ್ತ ಗುಂಪುಗಳು ದುಡ್ಡು ಕೊಟ್ಟು ಸಾವಿರಾರು ಗುಲಾಮರನ್ನು ಬಿಡಿಸಿದವು. ಶಾಲೆಯ ಮಕ್ಕಳೂ ಚಂದಾ ಎತ್ತಿದರು. ಇದರಿಂದ ಗುಲಾಮರ ವ್ಯಾಪಾರವೇ ಬೆಳೆಯುತ್ತದೆ ಎಂದು ಯುನಿಸೆಫ್ ವಿರೋಧಿಸಿತು. ಗುಲಾಮರೇ ಅಲ್ಲದವರನ್ನು ಸಾಲಿನಲ್ಲಿ ನಿಲ್ಲಿಸಿ ದುಡ್ಡು ಹೊಡೆದರು ಎಂಬ ಆರೋಪಗಳೂ ಆಮೇಲೆ ಬಂದವು. ಚಂದಾ ಕೊಟ್ಟ ಮಕ್ಕಳ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ದಾರಿ ತಪ್ಪಿತ್ತು, ಅಷ್ಟೇ.

ನೀವಿರುವ ದೇಶದ ಉದಾಹರಣೆ ಇನ್ನೂ ದೊಡ್ಡದು. 1787ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ಜನ ಸೇರಿ ಗುಲಾಮರ ವ್ಯಾಪಾರದ ವಿರುದ್ಧ ಸಂಘ ಕಟ್ಟಿದರು. ಅವರಲ್ಲಿ ಒಂಬತ್ತು ಜನ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ನಾಲ್ಕು ವರ್ಷದಲ್ಲಿ, ಗುಲಾಮರು ಬೆಳೆದ ಸಕ್ಕರೆ ತಿನ್ನುವುದನ್ನು ಸುಮಾರು 3 ಲಕ್ಷ ಜನ ಬಿಟ್ಟರು. 1807ರಲ್ಲಿ ವ್ಯಾಪಾರ ನಿಂತಿತು. 1833ರಲ್ಲಿ ವೆಸ್ಟ್ ಇಂಡೀಸ್ ಮುಂತಾದ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನು ಬಂತು. ನಮ್ಮ ದೇಶ ಆಗ ಅದರಲ್ಲಿ ಸೇರಿರಲಿಲ್ಲ. ಇಲ್ಲಿಗೆ ಅಂಥ ಕಾನೂನು ಬಂದದ್ದು 1843ರಲ್ಲಿ. ಚರ್ಚಿನ ಜನ ಹೆಮ್ಮೆಪಡುವ ಕಥೆ ಇದು, ಹೆಮ್ಮೆ ಪಡಲಿ. ಆದರೆ ಪೂರ್ತಿ ಹೇಳಬೇಕು. ಆ ಬಿಡುಗಡೆಗೆ ಸರ್ಕಾರ ಕೊಟ್ಟ 2 ಕೋಟಿ ಪೌಂಡ್ ಹೋದದ್ದು ಮಾಲೀಕರಿಗೆ. ಗುಲಾಮರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. 'ಅಪ್ರೆಂಟಿಸ್' ಅಂತ ಹೊಸ ಹೆಸರಿಟ್ಟು 1838ರವರೆಗೆ ಅವರನ್ನು ಅದೇ ತೋಟಗಳಲ್ಲಿ ದುಡಿಸಿಕೊಂಡರು. ಪರಿಹಾರ ಪಡೆದವರಲ್ಲಿ ಪಾದ್ರಿಗಳೂ ಇದ್ದರು. ಬಾರ್ಬಡೋಸ್‌ನ ಕಾಡ್ರಿಂಗ್ಟನ್ ತೋಟಗಳು ಆಂಗ್ಲಿಕನ್ ಚರ್ಚಿನ ಮಿಶನರಿ ಸೊಸೈಟಿಯದ್ದೇ ಆಗಿದ್ದವು. ಅದಕ್ಕಾಗಿ ಚರ್ಚ್ ಆಫ್ ಇಂಗ್ಲೆಂಡ್ 2006ರಲ್ಲಿ ಕ್ಷಮೆ ಕೇಳಿತು. ಆ ಪರಿಹಾರಕ್ಕೆ ಎತ್ತಿದ ಸಾಲವನ್ನು ಬ್ರಿಟಿಷ್ ಖಜಾನೆ ತೀರಿಸಿ ಮುಗಿಸಿದ್ದು 2015ರಲ್ಲಿ. ನೀವು 2011ರಿಂದ ಅಲ್ಲಿ ತೆರಿಗೆ ಕಟ್ಟುತ್ತಿದ್ದೀರಿ. ಗುಲಾಮರ ಮಾಲೀಕರಿಗೆ ಕೊಟ್ಟ ದುಡ್ಡಿನಲ್ಲಿ ನಿಮ್ಮ ನರ್ಸ್ ಸಂಬಳದ ಒಂದಿಷ್ಟು ಚೂರೂ ಸೇರಿದೆ. ಭಾನುವಾರ ಇದನ್ನು ಹೇಳಿ ನೋಡಿ. ಮಾಲೀಕನಿಗೆ ಕೊಡಬೇಕಾ ಬೇಡವಾ ಅನ್ನುವ ಚರ್ಚೆ ಅಲ್ಲಿಗೇ ಮುಗಿಯಬಹುದು.

ಹಾಗಾದರೆ ದುಡ್ಡು ಬೇಡವಾ? ಬೇಕು, ಬೇರೆ ಕಡೆ ಬೇಕು. ಬಿಡುಗಡೆ ಎಂಬುದು ಒಂದು ಸರ್ಕಾರಿ ಕೆಲಸ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡಬೇಕು. ಆ ಕಾಗದ ಇಲ್ಲದಿದ್ದರೆ ಮುಂದೆ ಏನೂ ಸಿಗುವುದಿಲ್ಲ. ಇದ್ದರೆ ಕೇಂದ್ರದ ಯೋಜನೆಯಲ್ಲಿ ತಕ್ಷಣಕ್ಕೆ 30 ಸಾವಿರದವರೆಗೆ ನೆರವು ಇದೆ. ಆಮೇಲೆ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ತೀರಾ ಕ್ರೂರ ಕೇಸುಗಳಲ್ಲಿ 3 ಲಕ್ಷ. ಬರೆಯಲು ಸುಲಭ. ಕೈಗೆ ಬರಲು ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಸ್ ಚಾರ್ಜ್ ಬೇಕು. ಕಚೇರಿಯಿಂದ ಕಚೇರಿಗೆ ಫೈಲಿನ ಹಿಂದೆ ಓಡಾಡುವ ಒಬ್ಬ ಮನುಷ್ಯ ಬೇಕು. ಒಂದು ಕುಟುಂಬದ ಹಿಂದೆ ಕನಿಷ್ಠ ಎರಡು ವರ್ಷ ನಿಲ್ಲಬೇಕು. ಚಂದಾ ದುಡ್ಡು ನಿಜವಾಗಿ ಕೆಲಸ ಮಾಡುವುದು ಇಲ್ಲಿ. ಆದರೆ ಈ ಓಡಾಟದ ಫೋಟೋ ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಇದಕ್ಕೆ ದುಡ್ಡು ಸಿಗುವುದು ಕಷ್ಟ.

ಬಿಡಿಸಿ ಬಿಟ್ಟರೆ ಏನಾಗುತ್ತದೆ ಅಂತ ನಿಮ್ಮ ಮುತ್ತಜ್ಜನ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಆಗ ಕ್ರೈಸ್ತರಾದವರಿಗೆ ಜಾತಿಯ ಜೊತೆಗೆ ಜಮೀನು, ಕೆಲಸ, ಆಸರೆ ಎಲ್ಲ ತಪ್ಪಿತ್ತು. ಬರೀ ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲ ಎಂದು ಮಿಶನ್ನಿನವರು ನೇಯ್ಗೆ ಶುರು ಮಾಡಿದರು. 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಕಾರ್ಖಾನೆಗಳಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ಕೂಲಿ ಸಿಗುವ ಕೆಲಸ ಇಲ್ಲದ ಬಿಡುಗಡೆ ನಿಲ್ಲುವುದಿಲ್ಲ ಎಂದು ಅವರಿಗೆ ಅರ್ಥವಾಗಿತ್ತು. ನಾವು ಬಿಡಿಸಿದ ಒಂದು ಕುಟುಂಬ ಎಂಟೇ ತಿಂಗಳಲ್ಲಿ ಬೇರೆ ಗೂಡಿಗೆ ಹೋಯಿತು. ಪರಿಹಾರದ ದುಡ್ಡು ಬಂದಿರಲಿಲ್ಲ, ಮಗುವಿಗೆ ಜ್ವರ ಬಂತು, ಮೇಸ್ತ್ರಿ ಮುಂಗಡ ಹಿಡಿದು ಬಾಗಿಲಿಗೆ ಬಂದ. ಆ ದಿನದ ಸಂಕಟ ನನಗೆ ಇನ್ನೂ ಹೋಗಿಲ್ಲ.

ದುಡ್ಡು ಕಳಿಸುವ ದಾರಿಯ ಬಗ್ಗೆಯೂ ಎಚ್ಚರ ಬೇಕು. ವಿದೇಶಿಯರಿಂದ ಕೂಡಿಸಿದ ಹಣವನ್ನು ಭಾರತದ ಯಾವುದೋ ಪಾಸ್ಟರ್ ಖಾತೆಗೆ ಹಾಕುವಂತಿಲ್ಲ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿನಲ್ಲಿ ನೋಂದಾಯಿತ ಸಂಸ್ಥೆಗೇ ಹೋಗಬೇಕು. ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕ. 2020ರ ತಿದ್ದುಪಡಿ ಆದಮೇಲೆ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಕೊಡುವುದು ಬೇರೆ ಮಾತು. ಬ್ರಿಟಿಷ್ ಪೌರತ್ವ ತೆಗೆದುಕೊಂಡಿದ್ದರೆ ನಿಮ್ಮ ದುಡ್ಡೂ ವಿದೇಶಿ ಹಣವೇ. ಈ ತಪ್ಪಿನಿಂದ ಸಿಕ್ಕಿಬೀಳುವುದು ಇಲ್ಲಿನ ಕೆಲಸಗಾರರು, ಕಳಿಸಿದವರಲ್ಲ.

ಬಟ್ಟೆ ಬಹಿಷ್ಕಾರದ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಬೆಂಗಳೂರಿನ ಸುತ್ತಲಿನ ಇಟ್ಟಿಗೆ ಬೆಂಗಳೂರಿನ ಮನೆಗಳಿಗೇ ಹೋಗುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಿ ಕೊಳ್ಳದಿದ್ದರೆ ಗೂಡಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪೀಣ್ಯದ ಗಾರ್ಮೆಂಟ್ಸ್ ಹೆಂಗಸರ ಕೆಲಸ ಹೋಗಬಹುದು. 2020ರ ಕೊರೊನಾ ಸಮಯದಲ್ಲಿ ವಿದೇಶಿ ಬ್ರ್ಯಾಂಡ್‌ಗಳು ಆರ್ಡರ್ ರದ್ದು ಮಾಡಿದಾಗ ಮೊದಲು ನಿಂತದ್ದು ಇಂಥವರ ಸಂಬಳವೇ. ಕೊಳ್ಳುವುದನ್ನು ಬಿಡುವುದಕ್ಕಿಂತ ಪ್ರಶ್ನೆ ಕೇಳುವುದು ಒಳ್ಳೆಯದು. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಜಾಸ್ತಿ ವಹಿವಾಟಿನ ಕಂಪನಿಗಳು ತಮ್ಮ ಸರಬರಾಜಿನಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದವು ಎಂದು ಪ್ರತಿ ವರ್ಷ ಪ್ರಕಟಿಸಬೇಕು. ಅದನ್ನು ಓದಿ, ಪತ್ರ ಬರೆಯಿರಿ. ಚರ್ಚಿನವರೇ ಕೇಳಬಹುದಾದ ಒಂದು ಪ್ರಶ್ನೆಯೂ ಇದೆ. ಸಮಾಧಿಗಳ ಮೇಲಿನ ಹೊಳೆಯುವ ಕಪ್ಪು ಗ್ರಾನೈಟ್ ಎಲ್ಲಿಂದ ಬರುತ್ತದೆ? ಚಾಮರಾಜನಗರದ ಕಲ್ಲು ಯುರೋಪಿಗೂ ಹೋಗುತ್ತದೆ. ಯಾವ ಕ್ವಾರಿ, ಅಲ್ಲಿ ಒಡೆಯುವವರಿಗೆ ಕೂಲಿ ಎಷ್ಟು, ಮುಂಗಡ ಇದೆಯಾ ಅಂತ ಕಲ್ಲಿನ ವ್ಯಾಪಾರಿಯನ್ನು ಕೇಳಿ.

ಬಡತನದ ವಿರುದ್ಧ ಚರ್ಚುಗಳು ಮಾಡಿದ ಕೆಲಸದಲ್ಲಿ ನನಗೆ ತುಂಬ ದೊಡ್ಡದಾಗಿ ಕಾಣುವುದು ನಡೆದದ್ದು ನಿಮ್ಮ ಊರಿನಲ್ಲೇ. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ-8 ಎಂಬ ಎಂಟು ಪ್ರಬಲ ದೇಶಗಳ ನಾಯಕರ ಸಭೆ. ಸುಮಾರು 70 ಸಾವಿರ ಜನ ಕೈಕೈ ಹಿಡಿದು ನಗರದ ಸುತ್ತ ಮಾನವ ಸರಪಳಿ ಮಾಡಿದರು. ಜೂಬಿಲಿ 2000 ಎಂಬ ಅಭಿಯಾನ ಅದು. ಬಡ ದೇಶಗಳು ತೀರಿಸಲಾಗದ ಸಾಲವನ್ನು ರದ್ದು ಮಾಡಿ ಎಂಬ ಒಂದೇ ಬೇಡಿಕೆ. ಅದರ ಹೆಸರು ಬಂದದ್ದು ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಿಂದ. ಐವತ್ತನೇ ವರ್ಷ ಜೂಬಿಲಿ. ಬಡತನದಿಂದ ತನ್ನನ್ನೇ ಮಾರಿಕೊಂಡವನು ಆ ವರ್ಷ ತನ್ನ ಮನೆಗೆ, ತನ್ನ ಹೊಲಕ್ಕೆ ವಾಪಸ್ ಹೋಗಬೇಕು ಎನ್ನುತ್ತದೆ ಅದು. ನಾನು ಅದನ್ನು ಓದಿದ್ದು ವಕೀಲೆಯಾದ ಮೇಲೆ. ಓದಿ ದಂಗಾದೆ. ನಮ್ಮ 6ನೇ ಸೆಕ್ಷನ್ನಿನ ಹಾಗೇ ಇದೆ ಅನ್ನಿಸಿತು. ಮುಂದಿನ ವರ್ಷಗಳಲ್ಲಿ 37 ದೇಶಗಳಿಗೆ 10 ಸಾವಿರ ಕೋಟಿ ಡಾಲರಿಗೂ ಜಾಸ್ತಿ ಸಾಲದ ಹೊರೆ ಇಳಿಯಿತು. ಅದರಲ್ಲಿ ಒಂದು ದೇಶ ಜಾಂಬಿಯಾ. ಹೊರೆ ಇಳಿದ ಮೇಲೆ, 2006ರಲ್ಲಿ ಹಳ್ಳಿಯ ಆಸ್ಪತ್ರೆಗಳಲ್ಲಿ ಶುಲ್ಕ ತೆಗೆದುಹಾಕಿತು.

ಅದೇ ಜಾಂಬಿಯಾದ ಇನ್ನೊಂದು ಕಥೆ ಕೇಳಿ. ಒಂದು ಹೂಡಿಕೆ ಕಂಪನಿ ಜಾಂಬಿಯಾದ ಹಳೇ ಸಾಲಪತ್ರವನ್ನು ಸುಮಾರು 33 ಲಕ್ಷ ಡಾಲರಿಗೆ ಕೊಂಡು, 5.5 ಕೋಟಿ ಡಾಲರ್ ಕೊಡಿ ಎಂದು ಲಂಡನ್ ಕೋರ್ಟಿಗೆ ಹೋಯಿತು. 2007ರಲ್ಲಿ ಸುಮಾರು 1.55 ಕೋಟಿ ಡಾಲರ್ ಗೆದ್ದಿತು. ನೋಟ್‌ಬುಕ್ ಇಟ್ಟುಕೊಂಡ ಗೂಡಿನ ಮಾಲೀಕನಿಗೂ ಈ ಕಂಪನಿಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಅಭಿಯಾನದವರು ಬಿಡಲಿಲ್ಲ. 2010ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಇಂಥ ಕೇಸುಗಳಿಗೆ ಕಡಿವಾಣ ಹಾಕುವ ಕಾಯ್ದೆ ಮಾಡಿತು. ಚರ್ಚಿನ ಗುಂಪು ತನ್ನ ದೇಶದ ಸಂಸದನ ಬಾಗಿಲು ತಟ್ಟಿದಾಗ ಆಗುವ ಕೆಲಸ ಇದು. ಅದನ್ನು ನಾವು ಇಲ್ಲಿಂದ ಮಾಡಲು ಆಗುವುದಿಲ್ಲ.

ಈಗ ಹಾಸನದ ಹುಡುಗಿಯ ವಿಷಯ. ಮುಂಗಡದ ಬದಲು 14 ಲಕ್ಷದ ಸಾಲ. ಮೇಸ್ತ್ರಿ ಬದಲು ಏಜೆಂಟ್. ನೋಟ್‌ಬುಕ್ಕಿನ ಬದಲು, ಕೆಲಸ ಕೊಟ್ಟ ಕಂಪನಿ ವೀಸಾಕ್ಕಾಗಿ ಕೊಡುವ ಸ್ಪಾನ್ಸರ್ ಪತ್ರ. ಗೂಡಿನಲ್ಲಿ ಉಳಿಯುವ ಹೆಂಡತಿ ಮಕ್ಕಳ ಬದಲು ಒತ್ತೆ ಬಿದ್ದ ಅಪ್ಪನ ಜಮೀನು. ಅದಕ್ಕೇ ಎರಡೂ ಒಂದೇ ಅಂದೆ.

ಇದನ್ನು ಕಾನೂನು ಆಧುನಿಕ ಗುಲಾಮಗಿರಿ ಅನ್ನುತ್ತದಾ? ನಿಮ್ಮ ಪತ್ರ ಓದಿ ತೀರ್ಪು ಕೊಡಲು ಆಗುವುದಿಲ್ಲ. ಕೆಲಸದ ಗಂಟೆ ಕಡಿಮೆ ಕೊಟ್ಟರು ಅಂದರೆ ಅದು ಮೋಸ, ಒಪ್ಪಂದ ಮುರಿದದ್ದು. ಆದರೆ ಪಾಸ್‌ಪೋರ್ಟ್ ಹಿಡಿದುಕೊಳ್ಳುವುದು, ಸಾಲದಲ್ಲಿ ಕಟ್ಟಿಹಾಕುವುದು, ಬೆದರಿಸುವುದು ಈ ಮೂರೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುವ ಬಲವಂತದ ದುಡಿಮೆಯ ಹನ್ನೊಂದು ಲಕ್ಷಣಗಳಲ್ಲಿವೆ. ಕೇರ್ ಕೆಲಸಕ್ಕೆ 2022ರ ಫೆಬ್ರವರಿಯಲ್ಲಿ ವೀಸಾ ತೆರೆದರು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿದರು. ಈ ನಡುವೆ ಇಂಥ ದೂರು ತುಂಬ ಬಂದಿವೆ. ಅವಳೊಬ್ಬಳೇ ಅಲ್ಲ, ಅವಳು ಪೆದ್ದಿಯೂ ಅಲ್ಲ. ಇದನ್ನು ಮೊದಲು ಅವಳಿಗೆ ಹೇಳಿ.

ಅವಳು 'ಯಾರಿಗೂ ಹೇಳಬೇಡಿ' ಅಂದಿದ್ದಾಳೆ. ಆ ಮಾತು ಉಳಿಸಿಕೊಳ್ಳಿ. ಚರ್ಚಿನ ಗುಂಪಿಗೆ ಹೇಳಬೇಡಿ, ಪೊಲೀಸರಿಗೂ ನೀವಾಗಿ ಫೋನ್ ಮಾಡಬೇಡಿ. ಯಾರಾದರೂ ಅವಳ ಪ್ರಾಣಕ್ಕೆ ಕೈ ಹಾಕಿದರೆ ಮಾತ್ರ ಬೇರೆ. ಕಾರಣ ಇದೆ. ಆ ಕಂಪನಿಯ ಸ್ಪಾನ್ಸರ್ ಲೈಸೆನ್ಸ್ ರದ್ದಾದರೆ ಹೊಸ ಸ್ಪಾನ್ಸರ್ ಹುಡುಕಲು ಅವಳಿಗೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಸಿಗದಿದ್ದರೆ ಮನೆಗೆ ವಾಪಸ್, ಊರಿನಲ್ಲಿ ಸಾಲ. ನಾವು ನ್ಯಾಯ ಅಂದುಕೊಂಡು ಮಾಡಿದ್ದು ಅವಳಿಗೆ ಶಿಕ್ಷೆಯಾಗಬಹುದು.

ಮೊದಲು ವಲಸೆ ಕಾನೂನಿನ ವಕೀಲರ ಹತ್ತಿರ ಕರೆದುಕೊಂಡು ಹೋಗಿ. ನೀವು, ನಿಮ್ಮ ಪಾದ್ರಿ, ಕನ್ನಡ ಸಂಘದ ಹಿರಿಯರು ಯಾರೂ ವೀಸಾ ಸಲಹೆ ಕೊಡಬೇಡಿ. ಬ್ರಿಟನ್ನಿನಲ್ಲಿ ಅಧಿಕೃತರಲ್ಲದವರು ವಲಸೆ ಸಲಹೆ ಕೊಡುವುದೇ ಅಪರಾಧ. ವಕೀಲರ ಫೀಸು ಕೊಡಲು ನಿಮ್ಮ ಗುಂಪಿನ ನಿಧಿ ಬಳಸಬಹುದು, ಹೆಸರು ಹೇಳದೆಯೇ.

ಅವಳ ಮುಂದೆ ಮೂರು ದಾರಿ ಇವೆ. ಒಂದು, ಸದ್ದಿಲ್ಲದೆ ಹೊಸ ಸ್ಪಾನ್ಸರ್ ಹುಡುಕುವುದು. ಈಗಾಗಲೇ ಅಲ್ಲಿ ಇರುವವರಿಗೆ ಕೆಲಸ ಬದಲಿಸಲು ಅವಕಾಶ ಇದೆ. ದೂರು ಕೊಡುವ ಮುಂಚೆ ಇದಾದರೆ ಅಪಾಯ ಕಡಿಮೆ. ಆದರೆ ಹೊಸ ಅರ್ಜಿ ಮಂಜೂರಾಗುವ ಮೊದಲು ಹಳೇ ಕೆಲಸ ಬಿಡಬಾರದು. ಹೊಸ ಸ್ಪಾನ್ಸರ್ ಕೂಡ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಕೆಲಸ ಕೊಡಿಸಲು ದುಡ್ಡು ಕೇಳುವುದು ಅಲ್ಲಿ ಕಾನೂನಿಗೆ ವಿರುದ್ಧ.

ಎರಡನೆಯದು, ಅವಳೇ ಸಹಾಯವಾಣಿಗೆ ಮಾತಾಡುವುದು. ಆಧುನಿಕ ಗುಲಾಮಗಿರಿ ಸಹಾಯವಾಣಿ 08000 121 700. ಹೆಸರು ಹೇಳದೆಯೂ ಮಾತಾಡಬಹುದು. ನಿಮ್ಮ ಫೋನಿನಿಂದ, ನಿಮ್ಮ ಅಡುಗೆಮನೆಯಲ್ಲಿ ಕುಳಿತು ಮಾಡಲಿ. ಸುಮ್ನೆ ಪಕ್ಕದಲ್ಲಿರಿ.

ಮೂರನೆಯದು, ಆಧುನಿಕ ಗುಲಾಮಗಿರಿಗೆ ಸಿಕ್ಕವರನ್ನು ಗುರುತಿಸಿ ನೆರವು ಕೊಡುವ ನ್ಯಾಷನಲ್ ರೆಫರಲ್ ಮೆಕ್ಯಾನಿಸಂ ಎಂಬ ಸರ್ಕಾರಿ ವ್ಯವಸ್ಥೆ. ದೊಡ್ಡವರಾದರೆ ಅವರ ಒಪ್ಪಿಗೆ ಇಲ್ಲದೆ ಹೆಸರು ಕಳಿಸುವಂತಿಲ್ಲ. ಮೊದಲ ನಿರ್ಧಾರ ಅವಳ ಪರ ಬಂದರೆ ಕನಿಷ್ಠ 30 ದಿನ ವಸತಿ, ನೆರವು ಸಿಗುತ್ತದೆ. ಕೊನೆಯ ನಿರ್ಧಾರಕ್ಕೆ ತುಂಬ ತಡವಾಗುತ್ತದೆ. ಅಲ್ಲಿಯವರೆಗೆ ದುಡಿಮೆ, ವೀಸಾ ಏನಾಗುತ್ತದೆ ಎಂದು ವಕೀಲರನ್ನು ಕೇಳದೆ ಸಹಿ ಹಾಕಬಾರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ನೆರವಿನ ಸರ್ಕಾರಿ ಗುತ್ತಿಗೆ 2011ರಿಂದ ಸಾಲ್ವೇಷನ್ ಆರ್ಮಿಯ ಕೈಯಲ್ಲಿದೆ. ಅದೂ ಒಂದು ಚರ್ಚೇ. ಬಿಡುಗಡೆಯಾದವರನ್ನು ಕೋರ್ಟಿಗೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಸ್ವಯಂಸೇವಕರೂ ಅವರಿಗೆ ಬೇಕಾಗುತ್ತಾರೆ. ನಿಮ್ಮ ಗುಂಪಿನಲ್ಲಿ ಕಾರು ಇರುವವರು ಇದ್ದಾರಲ್ವಾ?

ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಆ ಮ್ಯಾನೇಜರಿಗೆ ಇಲ್ಲ. ಭಾರತದ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಬರ್ಮಿಂಗ್‌ಹ್ಯಾಮ್‌ನಲ್ಲೇ ನಮ್ಮ ಕಾನ್ಸುಲೇಟ್ ಇದೆ. ಆದರೆ ಅಲ್ಲಿಗೆ ಯಾವಾಗ ಹೋಗಬೇಕು ಅನ್ನುವುದನ್ನೂ ವಕೀಲರನ್ನು ಕೇಳಿ ಅವಳೇ ನಿರ್ಧರಿಸಲಿ.

ಊರಿನ ಕಡೆ ಏನು ಮಾಡಬಹುದು? ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಲ್ಲಿ ನೋಂದಣಿ ಮಾಡಿಸಿರಬೇಕು. ಅವನು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. 14 ಲಕ್ಷ ಅಂದರೆ ಹಗಲು ದರೋಡೆ. ಅವನ ಹೆಸರು ಕೇಂದ್ರ ಸರ್ಕಾರದ ಇಮೈಗ್ರೇಟ್ ಪೋರ್ಟಲಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅವನ ಧಂಧೆಯೇ ಅಪರಾಧ. ಅಪ್ಪನಿಗೆ ಸಾಲ ಕೊಟ್ಟವರು ಮನೆಗೆ ಬಂದು ಬೆದರಿಸುತ್ತಿದ್ದರೆ, ಕಿರು ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಅದು ಅವರಿಗೆ ಅನ್ವಯಿಸುತ್ತದಾ ಎಂದು ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಕೇಳಬಹುದು. ಆದರೆ ಇಲ್ಲಿ ಕೇಸು ಹಾಕಿದರೆ ಏಜೆಂಟ್ ಅಲ್ಲಿನ ಮ್ಯಾನೇಜರಿಗೆ ಒಂದು ಫೋನ್ ಮಾಡುತ್ತಾನೆ. ಹಾಗಾಗಿ ಅವಳು ಅಲ್ಲಿ ಸುರಕ್ಷಿತವಾದ ಮೇಲೆ ಇಲ್ಲಿ ದೂರು.

ಭಾನುವಾರದ ಮಾತಿಗೆ ಒಪ್ಪಿಕೊಳ್ಳಿ. ಆದರೆ ಅವಳ ಕಥೆ ಹೇಳಬೇಡಿ. ಊರಿನ ಹೆಸರು ಬದಲಿಸಿದರೂ ಗುರುತು ಹಿಡಿಯುತ್ತಾರೆ. ಬೇಕಿದ್ದರೆ ಇಂಗ್ಲೆಂಡಿನದೇ ಮೋರ್‌ಕಾಮ್ ಕೊಲ್ಲಿಯ ಕಥೆ ಹೇಳಿ. 2004ರ ಫೆಬ್ರವರಿ 5ರ ರಾತ್ರಿ ಅಲ್ಲಿ ಚಿಪ್ಪು ಹೆಕ್ಕುತ್ತಿದ್ದ ಕನಿಷ್ಠ 21 ಚೀನೀ ಕೂಲಿಗಳು ಸಮುದ್ರ ಉಕ್ಕಿ ಮುಳುಗಿ ಸತ್ತರು. ಅವರೂ ಸಾಲ ಮಾಡಿಕೊಂಡು ಬಂದವರೇ. ಇಂಗ್ಲೆಂಡಿನಲ್ಲಿ ಕೂಲಿ ಮೇಸ್ತ್ರಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಅದೇ ವರ್ಷ ಬಂತು.

ಈ ವಾರ ಅವಳು ಊಟಕ್ಕೆ ಬಂದಾಗ ಒಂದು ಕೆಲಸ ಮಾಡಿ. ಸಂಬಳದ ಚೀಟಿ, ಕೆಲಸದ ಪಾಳಿಯ ಪಟ್ಟಿ (ರೋಟಾ), ಸ್ಪಾನ್ಸರ್ ಪತ್ರ, ಏಜೆಂಟನಿಗೆ ದುಡ್ಡು ಹಾಕಿದ ಬ್ಯಾಂಕ್ ದಾಖಲೆ, ಬೆದರಿಸಿದ ವಾಟ್ಸ್ಆ್ಯಪ್ ಸಂದೇಶ ಇದ್ದರೆ ಎಲ್ಲದರ ಫೋಟೋ ತೆಗೆಸಿಡಿ. ಅವಳ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಅವಳು ಒಪ್ಪಿದರೆ ಅವಳೇ ನನಗೆ ಬರೆಯಲಿ. ಕನ್ನಡದಲ್ಲೇ ಬರೆಯಲಿ. ಹಾಸನದ ಕಡೆಯ ಕಾಗದಪತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ.